ಅಪ್ಪನ ಎರಡು ತೋಳಿಗೂ ಸೂಜಿ, ಮಳೆ ಹಿಡಿಯುವ ಮುಂಚೆ

ಕಳೆದ ವಾರ ಅಪ್ಪ ಅಮ್ಮ ಇಬ್ಬರನ್ನೂ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಜ್ವರ ಬಂದಿತ್ತು ಅಂತ ಅಲ್ಲ, ಬರದಿರಲಿ ಅಂತ. ಅಪ್ಪನಿಗೆ 71, ಶುಗರ್ ಇದೆ, ಜೊತೆಗೆ ದಮ್ಮು. ಅಮ್ಮನಿಗೆ 66. ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ, "ಈ ವಯಸ್ಸಲ್ಲಿ ಎಂಥ ಲಸಿಕೆ, ಅದು ಮಕ್ಕಳಿಗೆ ಅಲ್ವಾ?"

ಹೋದ ವರ್ಷದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಮಗಳ ಲಸಿಕೆಗಳನ್ನು ಬರೆದಿಡುವ ‘ತಾಯಿ ಕಾರ್ಡ’ನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೇವೆ. ಒಂದು ಡೋಸ್ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದು ಕೇಳುತ್ತಾರೆ. ಅಪ್ಪ ಅಮ್ಮನಿಗೆ ಕಾರ್ಡೂ ಇಲ್ಲ, ಬಂದು ಕೇಳುವವರೂ ಇಲ್ಲ. ಕೋವಿಡ್ ಲಸಿಕೆ, ಕತ್ತಿ ತಾಗಿದಾಗ ಒಂದು ಟಿಟಿ. ಅಷ್ಟೇ.

ನನ್ನ ಕಣ್ಣು ತೆರೆಸಿದ್ದು ಅಮ್ಮನಿಗೆ ಆದ ಸರ್ಪಸುತ್ತು. ಡಿಸೆಂಬರ್, ಕಾಫಿ ಕುಯ್ಲು ಜೋರಾಗಿತ್ತು. ಬೆನ್ನಿನ ಎಡಗಡೆ ಉರಿ ಅಂದರು, ತೋಟದಲ್ಲಿ ಕಂಬಳಿಹುಳ ತಾಗಿರಬೇಕು ಅಂತ ಎಣ್ಣೆ ಹಚ್ಚಿಕೊಂಡು ಸುಮ್ನಿದ್ದರು. ಎರಡು ದಿನಕ್ಕೆ ನೀರುಗುಳ್ಳೆ ಎದ್ದು ಪಕ್ಕೆಯವರೆಗೆ ಬಂತು. ಮನೆಯಲ್ಲಿ ಎಲ್ಲರಿಗೂ ಹೆದರಿಕೆ, ಯಾಕೆಂದರೆ ಗುಳ್ಳೆಯ ಸಾಲು ಹಾವಿನ ಹಾಗೆ ಮೈ ಸುತ್ತಿ ಹೆಡೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಪಕ್ಕದ ಊರಿನಲ್ಲಿ ಕೆಮ್ಮಣ್ಣು ಹಚ್ಚಿಸಿದೆವು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಆರು ದಿನ ಆಗಿತ್ತು. ಗುಳ್ಳೆ ಕಂಡ ಮೂರು ದಿನದ ಒಳಗೆ ಮಾತ್ರೆ ಶುರು ಮಾಡಿದ್ದರೆ ಚೆನ್ನಾಗಿತ್ತು ಅಂದರು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದಿತ್ತಾ ಅಂತ ಡಾಕ್ಟರ್ ಕೇಳಿದರು. ಬಂದಿತ್ತು. ಅದರ ವೈರಸ್ ಮೈ ಬಿಟ್ಟು ಹೋಗಿರುವುದಿಲ್ಲವಂತೆ. ನರದ ಬುಡದಲ್ಲಿ ಹತ್ತಾರು ವರ್ಷ ಮಲಗಿದ್ದು, ವಯಸ್ಸಾಗಿ ಮೈಯ ಶಕ್ತಿ ತಗ್ಗಿದಾಗ ಏಳುತ್ತದೆ. ಒಂದು ನರದ ದಾರಿ ಹಿಡಿದು ಹೋಗುವುದರಿಂದ ಸಾಮಾನ್ಯವಾಗಿ ಮೈಯ ಒಂದೇ ಪಕ್ಕಕ್ಕೆ ನಿಲ್ಲುತ್ತದೆ, ನಡು ದಾಟುವುದಿಲ್ಲ. ಅಂದರೆ ಹೆಡೆ ಬಾಲ ಕೂಡುವುದು ತೀರಾ ಅಪರೂಪ. ನಮಗೆ ನಿಜವಾಗಿ ಕಾಟ ಕೊಟ್ಟದ್ದು ಆಮೇಲಿನ ನೋವು. ಗುಳ್ಳೆ ಒಣಗಿ ತಿಂಗಳುಗಳಾದರೂ ಸೆರಗು ತಾಗಿದರೆ ಬೆಂಕಿ ತಾಗಿದ ಹಾಗೆ ಆಗುತ್ತಿತ್ತು. ಯುಗಾದಿ ಹಬ್ಬದ ದಿನವೂ ಅಮ್ಮ ಅತ್ತಿದ್ದರು.

ಇದಕ್ಕೂ ಲಸಿಕೆ ಇದೆ ಅಂತ ಗೊತ್ತಾಗಿದ್ದು ಆಗಲೇ. 2023ರಿಂದ ನಮ್ಮ ದೇಶದಲ್ಲಿ ಸಿಗುತ್ತಿದೆ. 50 ದಾಟಿದವರಿಗೆ, ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಒಮ್ಮೆ ಸರ್ಪಸುತ್ತು ಬಂದು ವಾಸಿಯಾದವರೂ ಹಾಕಿಸಿಕೊಳ್ಳಬಹುದು. ಬೆಲೆ ಮಾತ್ರ ಸಾವಿರಗಟ್ಟಲೆ.

ಅಪ್ಪನಿಗೆ ಒಂದು ತೋಳಿಗೆ ಫ್ಲೂ, ಇನ್ನೊಂದಕ್ಕೆ ನ್ಯುಮೋನಿಯಾದ್ದು. ಒಂದೇ ದಿನ ಎರಡೂ ಕೊಡಬಹುದು. ಫ್ಲೂ ವೈರಸ್ ಬದಲಾಗುತ್ತಲೇ ಇರುತ್ತದೆ, ಅದಕ್ಕೆ ಈ ಲಸಿಕೆ ಪ್ರತಿ ವರ್ಷ ಬೇಕು. ಮೈಯಲ್ಲಿ ಹಿಡಿಯೋಕೆ ಸುಮಾರು ಎರಡು ವಾರ ಬೇಕು, ಮಳೆಗಾಲದಲ್ಲಿ ಫ್ಲೂ ಜಾಸ್ತಿ, ಅದಕ್ಕೇ ಮೇ ತಿಂಗಳಲ್ಲೇ ಹೋದೆವು. ಇಂಜೆಕ್ಷನ್‌ನಲ್ಲಿ ಇರುವುದು ಸತ್ತ ವೈರಸ್, ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋವು, ಸ್ವಲ್ಪ ಮೈ ಬಿಸಿ, ಅಷ್ಟೇ. ನ್ಯುಮೋನಿಯಾದ್ದು ಪ್ರತಿ ವರ್ಷದ್ದಲ್ಲ. ಅಪ್ಪನಿಗೆ ಈಗ ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದ 13 ಬಗೆಗಳಿಗೆ ತಡೆ ಕೊಡುವುದು, ಒಂದು ವರ್ಷ ಬಿಟ್ಟು 23 ಬಗೆಗಳಿಗೆ ಕೊಡುವುದು. 65 ದಾಟಿದವರಿಗೆ ಇದು ಬೇಕು. ಶುಗರ್, ದಮ್ಮು, ಹೃದಯದ ತೊಂದರೆ, ಕಿಡ್ನಿ ತೊಂದರೆ ಇದ್ದವರು ಅಷ್ಟು ವಯಸ್ಸು ಆಗುವವರೆಗೆ ಕಾಯಬಾರದು. ಡಯಾಲಿಸಿಸ್‌ಗೆ ಹೋಗುವವರು ಮನೆಯಲ್ಲಿದ್ದರೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತ ತಪ್ಪದೆ ಕೇಳಿ.

ಕೊಪ್ಪದ ಚಿಕ್ಕಮ್ಮ ಫೋನ್ ಮಾಡಿ, "ಮಂಗನ ಕಾಯಿಲೆದೂ ಹಾಕಿಸಿದ್ಯಾ?" ಅಂದರು. ಆ ಕಡೆಯವರಿಗೆ ಆ ಭಯ ಇದ್ದೇ ಇದೆ. ಅದರ ಹಳೆಯ ಲಸಿಕೆ ಅಷ್ಟಾಗಿ ಕೆಲಸ ಮಾಡದೆ ನಿಂತುಹೋಗಿದೆ. ಸದ್ಯಕ್ಕೆ ಆ ಕಾಯಿಲೆ ಹರಡುವ ಉಣ್ಣೆ (ಉಣುಗು) ಕಚ್ಚದ ಹಾಗೆ, ಅದನ್ನು ದೂರ ಇಡುವ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಬೇಕು.

ಇನ್ನೊಂದು ವಿಷಯ. ಈ ಲಸಿಕೆಗಳು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಫ್ರೀಜರ್‌ಗೆ ಹೋದರೂ ಕೆಟ್ಟವು. ನಮ್ಮ ಕಡೆ ಗಾಳಿ ಎದ್ದರೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೊಂಡು ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ಮೊದಲೇ ಕ್ಲಿನಿಕ್ಕಿಗೆ ಫೋನ್ ಮಾಡಿ ತರಿಸಿಡಲು ಹೇಳಿ, ಅಲ್ಲೇ ಹಾಕಿಸಿಕೊಳ್ಳಿ.

ನನಗೆ ಬೇಜಾರಾಗುವುದು ದುಡ್ಡಿನ ವಿಷಯಕ್ಕೆ. ತೋಟದ ಆಳುಗಳ ಲೈನ್ ಮನೆಯಲ್ಲಿರುವ, ಜೀವನವಿಡೀ ಚಳಿಯಲ್ಲೂ ಮಳೆಯಲ್ಲೂ ತೋಟ ಕಾಯ್ದ ವಯಸ್ಸಾದವರಿಗೆ ಇಷ್ಟು ಕೊಡಲು ಎಲ್ಲಿಂದ ಬರಬೇಕು? ಮಕ್ಕಳಿಗೆ ಕೊಡುವ ಹಾಗೆ 60 ದಾಟಿದವರಿಗೆ ಫ್ಲೂ ಲಸಿಕೆಯನ್ನಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಕೊಡಬೇಕು. ತೋಟದ ಮಾಲೀಕರು ಮನಸ್ಸು ಮಾಡಿದರೆ ತಮ್ಮ ಆಳುಗಳಿಗೆ ಈ ವರ್ಷವೇ ಹಾಕಿಸಬಹುದು. ನಮ್ಮಲ್ಲಿ ಕೆಲಸಕ್ಕೆ ಬರುವ ಇಬ್ಬರು ಹಿರಿಯರನ್ನು ಮುಂದಿನ ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ.

ಅಮ್ಮನಿಗೂ ಅವತ್ತೇ ಫ್ಲೂ ಲಸಿಕೆ, ಸರ್ಪಸುತ್ತಿನ ಮೊದಲ ಡೋಸ್ ಎರಡೂ ಆಯಿತು. ಎರಡನೆಯದು ಆಗಸ್ಟ್‌ನಲ್ಲಿ. ಆಶ್ಲೇಷಾ ಮಳೆ ಹೊಡೆಯುತ್ತಿರುತ್ತದೆ, ಆದರೂ ಹೋಗುತ್ತೇವೆ. ತಾರೀಖನ್ನು ಅಪ್ಪ ತಮ್ಮ ಶುಗರ್ ಪುಸ್ತಕದ ಹಿಂದೆ ಬರೆದುಕೊಂಡಿದ್ದಾರೆ.