ಕಲ್ಲಿನ ಮೇಲೆ ತವರಿನ ಹೆಸರು

ಸಂಜೆ ಎಂಟೂವರೆ ದಾಟಿದೆ. ಜೂನ್ ತಿಂಗಳಾದ್ದರಿಂದ ಇಲ್ಲಿ ಸೂರ್ಯ ಮುಳುಗಲು ಇನ್ನೂ ಒಂದೂವರೆ ಗಂಟೆಯಿದೆ. ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್ ಸೀಮೆಯ ಒಂದು ಹಳ್ಳಿ. ಮಾಡು ಬಿದ್ದುಹೋದ ಹಳೆಯ ಚರ್ಚಿನ ಅಂಗಳದಲ್ಲಿ ಮಂಡಿಯೂರಿ ಕುಳಿತು ಉದ್ದನೆಯ ಕನ್ನಡಿಯೊಂದನ್ನು ಓರೆಯಾಗಿ ಹಿಡಿದಿದ್ದೇನೆ. ಪಡುವಣದ ಬೆಳಕು ಕನ್ನಡಿಗೆ ಬಡಿದು, ನೆರಳಲ್ಲಿದ್ದ ಸಮಾಧಿ ಕಲ್ಲಿನ ಮೈಯನ್ನು ಒಂದು ಬದಿಯಿಂದ ಸವರಿಕೊಂಡು ಹೋಗುತ್ತದೆ. ಇಷ್ಟು ಹೊತ್ತು ಬರೀ ತರಿತರಿಯಾಗಿ ಕಂಡಿದ್ದ ಕಲ್ಲಿನಲ್ಲಿ ಅಕ್ಷರಗಳು ಏಳುತ್ತವೆ. ಮೊದಲು ರೈತನೊಬ್ಬನ ಹೆಸರು. ಅದರ ಕೆಳಗೆ ಅವನ ಹೆಂಡತಿ ಎಲ್ಸ್‌ಪೆಟ್. ಎಲ್ಸ್‌ಪೆಟ್ ಎಂಬುದರ ಮುಂದೆ ಇರುವುದು ಗಂಡನ ಮನೆತನದ ಹೆಸರಲ್ಲ, ಅವಳ ತವರಿನ ಹೆಸರು.

ಹಳೆಯ ಸ್ಕಾಟ್ಲೆಂಡಿನಲ್ಲಿ ಹೆಣ್ಣು ಮದುವೆಯಾದರೂ ಹುಟ್ಟಿದ ಮನೆಯ ಹೆಸರನ್ನು ಬಿಡುತ್ತಿರಲಿಲ್ಲ. ಬದುಕಿರುವಾಗ ಊರವರು ಏನೆಂದು ಕರೆದರೋ, ಕಲ್ಲಿನ ಮೇಲೆ ಮಾತ್ರ ಅವಳು ತನ್ನ ಅಪ್ಪನ ಮನೆಯ ಹೆಸರಿನಲ್ಲಿಯೇ ಮಲಗಿರುತ್ತಾಳೆ. ಗಂಡನ ಕಲ್ಲನ್ನು ಹಿಡಿದು ಹೊರಟ ವಂಶಶೋಧಕನಿಗೆ ಆ ಒಂದು ಪದ ಇನ್ನೊಂದು ಮನೆಯ ಬಾಗಿಲನ್ನೇ ತೆರೆಯುತ್ತದೆ. ಹಳೆಯ ಸಮಾಧಿ ಕಲ್ಲುಗಳ ಬರಹವನ್ನು ಓದಿ ಬರೆದಿಡುವ ಈ ಕೆಲಸಕ್ಕೆ ಮೂರು ವರ್ಷಗಳಿಂದ ನಾನು ಅಂಟಿಕೊಂಡಿರುವುದಕ್ಕೆ ಆ ಪದವೇ ಕಾರಣ.

ನಾವು ಅಬರ್ಡೀನಿಗೆ ಬಂದದ್ದು ಎಲ್ಲರಂತೆ ಸಮುದ್ರದ ತೈಲದ ಕೆಲಸಕ್ಕಾಗಿ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಊರಿದು. ಮೊದಲ ವರ್ಷ ಜನರ ಪರಿಚಯವಿಲ್ಲದೆ, ಎಲ್ಲಿ ನೋಡಿದರೂ ಬೂದು ಗ್ರಾನೈಟಿನ ಗೋಡೆಗಳ ನಡುವೆ ನಡೆದು ನಡೆದು ದಣಿದಿದ್ದೆ. ಒಂದು ಶನಿವಾರ ಚರ್ಚಿನ ಅಂಗಳವೊಂದರಲ್ಲಿ ನಾಲ್ಕಾರು ಹಿರಿಯರು ಮಳೆಯ ಅಂಗಿ ತೊಟ್ಟು, ಕೈಯಲ್ಲಿ ರಟ್ಟು ಮತ್ತು ಪೆನ್ಸಿಲ್ ಹಿಡಿದು ಒಂದೊಂದು ಕಲ್ಲಿನ ಮುಂದೆ ನಿಲ್ಲುತ್ತಿದ್ದುದನ್ನು ಕಂಡೆ. ಅವರಲ್ಲೊಬ್ಬರು ‘ಫಿಟ್ ಲೈಕ್?’ ಎಂದರು. ಹೇಗಿದ್ದೀರಿ ಎಂದು ಇಲ್ಲಿನವರು ಕೇಳುವ ರೀತಿ ಅದು. ಈ ಸೀಮೆಯ ಆಡುಮಾತಿನಲ್ಲಿ ಪ್ರಶ್ನೆಯ ಪದಗಳೆಲ್ಲ ‘ಫ’ಕಾರದಿಂದ ಶುರುವಾಗುತ್ತವೆ. ನಮ್ಮ ಹಳಗನ್ನಡದ ಪಾಲು, ಪುಲಿ ಎಂಬವು ಹಾಲು, ಹುಲಿ ಆದದ್ದು ನೆನಪಾಗಿ, ಇವರ ಮಾತು ನನಗೆ ಆ ಕ್ಷಣವೇ ಹತ್ತಿರವಾಯಿತು. ಮುಂದಿನ ಶನಿವಾರ ನನ್ನ ಕೈಯಲ್ಲೂ ರಟ್ಟು ಇತ್ತು.

ಈ ಊರಿನ ಕಿಂಗ್ ಸ್ಟ್ರೀಟಿನಲ್ಲಿ ಈಶಾನ್ಯ ಸ್ಕಾಟ್ಲೆಂಡಿನ ಕುಟುಂಬ ಚರಿತ್ರೆಯ ಸಂಘವೊಂದಿದೆ. 1978ರಲ್ಲಿ ಹುಟ್ಟಿದ ಸಂಘ. ಒಂದೊಂದು ಚರ್ಚಿನ ಅಂಗಳಕ್ಕೆ ಒಂದೊಂದು ಕಿರುಹೊತ್ತಗೆಯಂತೆ ಕಲ್ಲಿನ ಬರಹಗಳನ್ನು ಅಚ್ಚು ಹಾಕಿಸಿಕೊಂಡು ಬಂದಿದೆ. ಇಷ್ಟೊಂದು ಜತನ ಏಕೆ ಎಂದು ಕೇಳಿದರೆ ಒಂದೇ ಇಸವಿಯನ್ನು ಹೇಳಬೇಕು: 1855. ಸ್ಕಾಟ್ಲೆಂಡಿನಲ್ಲಿ ಜನನ, ಮರಣ, ಮದುವೆಗಳ ಕಡ್ಡಾಯ ಸರ್ಕಾರಿ ನೋಂದಣಿ ಶುರುವಾದದ್ದು ಆ ವರ್ಷ. ಅದಕ್ಕೂ ಹಿಂದಿನವರಿಗೆ ಇರುವುದು ಚರ್ಚಿನ ದಫ್ತರ ಮಾತ್ರ. ಹುಟ್ಟಿದವರ ದೀಕ್ಷಾಸ್ನಾನ ಅದರಲ್ಲಿ ಸಿಗಬಹುದು, ಮದುವೆ ಸಿಗಬಹುದು. ಸಾವು ಬಹಳ ಕಡೆ ಸಿಗುವುದಿಲ್ಲ. ಎಷ್ಟೋ ಊರುಗಳಲ್ಲಿ ಸಾವಿನ ಗುರುತಾಗಿ ಉಳಿದಿರುವುದು ಒಂದು ಬಾಡಿಗೆಯ ಲೆಕ್ಕ. ಹೆಣದ ಮೇಲೆ ಹೊದಿಸುವ ಬಟ್ಟೆಯನ್ನು ಚರ್ಚು ಬಾಡಿಗೆಗೆ ಕೊಡುತ್ತಿತ್ತು, ಆ ಹಣ ಬಡವರ ನಿಧಿಗೆ ಸೇರುತ್ತಿತ್ತು. ಇಂಥ ದಿನ, ಇಂಥವನಿಂದ, ಬಟ್ಟೆಯ ಬಾಬ್ತು ಇಷ್ಟು ಎಂದು ಬರೆದಿರುವ ಒಂದು ಸಾಲಿನಿಂದ ಒಬ್ಬ ಮನುಷ್ಯನ ಸಾವನ್ನು ಊಹಿಸಬೇಕು. ಹೀಗಿರುವಾಗ 1855ಕ್ಕಿಂತ ಹಿಂದಿನ ಕಲ್ಲೊಂದು ಪದರು ಪದರಾಗಿ ಉದುರಿದರೆ ಹೋಗುವುದು ಕಲ್ಲು ಮಾತ್ರವಲ್ಲ. ಬೇರೆಲ್ಲಿಯೂ ಬರೆದಿರದ ಹೆಸರು ಅದರೊಂದಿಗೇ ಹೋಗುತ್ತದೆ.

ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮೂರುಗಳ ಹಳೆಯ ಗೋರಿಗಳಿಗೂ ವೀರಗಲ್ಲುಗಳಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಅಂಗಳದ ನಕ್ಷೆ ಬರೆದು ಪ್ರತಿ ಕಲ್ಲಿಗೂ ಸಂಖ್ಯೆ ಕೊಡುತ್ತೇವೆ. ಬರಹವಿಲ್ಲದ ಕಲ್ಲಿಗೂ ಸಂಖ್ಯೆಯುಂಟು. ಆಮೇಲೆ ಪ್ರತಿ ಕಲ್ಲಿನ ಫೋಟೊ. ನೇರ ಬೆಳಕಿನಲ್ಲಿ ಒಂದು, ಓರೆ ಬೆಳಕಿನಲ್ಲಿ ಒಂದು. ಹಕ್ಕಿಯ ಹಿಕ್ಕೆಯಿದ್ದರೆ ಬರೀ ನೀರು ಚಿಮುಕಿಸಿ ಮೆತ್ತನೆಯ ಕುಂಚದಿಂದ ತೆಗೆಯಬಹುದು. ತಂತಿಯ ಬ್ರಷ್, ಸೀಮೆಸುಣ್ಣ, ಹಿಟ್ಟು, ಕ್ಷೌರದ ನೊರೆ ಇವು ಯಾವುವೂ ಕಲ್ಲನ್ನು ಮುಟ್ಟಬಾರದು. ಅಕ್ಷರ ಎದ್ದು ಕಾಣಲೆಂದು ಹಿಂದೆ ಇವನ್ನೆಲ್ಲ ಹಚ್ಚುತ್ತಿದ್ದವರು ಉಳಿಸಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಕಲ್ಲುಹೂವನ್ನೂ ಕೆರೆಯುವಂತಿಲ್ಲ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ ಇದು. ಇಲ್ಲಿನ ಕಲ್ಲುಗಳ ಮೇಲೆ ಬೂದು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಹಬ್ಬಿರುತ್ತದೆ. ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಬೆಳೆದರೆ ಹೆಚ್ಚು. ಅದನ್ನು ಕಿತ್ತರೆ ಕಲ್ಲಿನ ಮೇಲ್ಮೈಯೂ ಜೊತೆಗೆ ಬರುತ್ತದೆ. ಕಲ್ಲಿನ ಕೊನೆಯ ಸಾಲುಗಳು ಹುಲ್ಲಿನೊಳಗೆ ಹೂತುಹೋಗಿದ್ದರೆ ಹುಲ್ಲನ್ನು ಕೈಯಿಂದ ಸರಿಸಬಹುದು, ಅಗೆಯುವಂತಿಲ್ಲ; ಅಗೆಯಲು ಸ್ಥಳೀಯ ಆಡಳಿತದ ಅನುಮತಿ ಬೇಕು. ಬಿದ್ದಿರುವ ಕಲ್ಲನ್ನು ಎತ್ತಲು ಹೋಗಲೇಬಾರದು.

ಬರೆದುಕೊಳ್ಳುವಾಗ ಒಂದೇ ನಿಯಮ: ಕಲ್ಲಿನಲ್ಲಿ ಇದ್ದುದನ್ನು ಇದ್ದಂತೆ ಬರೆಯಬೇಕು, ಇರಬೇಕಾದುದನ್ನಲ್ಲ. ಕಲ್ಲುಕುಟಿಗ ಕಾಗುಣಿತ ತಪ್ಪಿದ್ದರೆ ಆ ತಪ್ಪೂ ಬರಬೇಕು. ಒಂದೇ ಮನೆತನದ ಹೆಸರು ಅಪ್ಪನ ಸಾಲಿನಲ್ಲಿ ಒಂದು ತರಹ, ಮಗನ ಸಾಲಿನಲ್ಲಿ ಇನ್ನೊಂದು ತರಹ ಇದ್ದರೆ ಎರಡೂ ಹಾಗೆಯೇ ಬರಬೇಕು. ಸಾಲು ಮುಗಿದಲ್ಲಿ ಒಂದು ಓರೆಗೆರೆ. ಅರ್ಧ ಕಂಡ, ಊಹಿಸಿ ಓದಿದ ಅಕ್ಷರಕ್ಕೆ ಚೌಕ ಕಂಸ. ಏನೂ ಕಾಣದಿದ್ದರೆ ಚೌಕ ಕಂಸದೊಳಗೆ ಚುಕ್ಕೆಗಳು. ‘ಎಪ್ಪತ್ತೆಂಟನೆಯ ವಯಸ್ಸಿನಲ್ಲಿ’ ಎಂದಿದ್ದರೆ ಸತ್ತಾಗ ತುಂಬಿದ್ದು ಎಪ್ಪತ್ತೇಳೇ. ಆದರೆ ಆ ಲೆಕ್ಕವನ್ನು ನಾವು ಮಾಡಬಾರದು, ಓದುವವರಿಗೆ ಬಿಡಬೇಕು. ಕೊನೆಗೆ, ಬರೆದವರಲ್ಲದ ಇನ್ನೊಬ್ಬರು ಅಂಗಳಕ್ಕೆ ಬಂದು ಕಲ್ಲಿನ ಮುಂದೆಯೇ ನಿಂತು ತಾಳೆ ನೋಡಬೇಕು.

ಈ ತಾಳೆ ನೋಡುವಿಕೆಯ ಬೆಲೆ ನನಗೆ ತಿಳಿದದ್ದು ಮೊದಲ ಬೇಸಗೆಯಲ್ಲಿ. ಸವೆದ ಕಲ್ಲಿನಲ್ಲಿ 8 ಮತ್ತು 3 ಅವಳಿಗಳಂತೆ ಕಾಣುತ್ತವೆ. 1 ಮತ್ತು 7 ಕೂಡ. ಒಬ್ಬ ತಾಯಿ ತೀರಿಕೊಂಡ 1838ನ್ನು ನಾನು 1833 ಎಂದು ಬರೆದಿದ್ದೆ. ಅದೇ ಕಲ್ಲಿನಲ್ಲಿ ಅವಳ ಕೊನೆಯ ಮಗು 1836ರಲ್ಲಿ ಹುಟ್ಟಿತೆಂದಿತ್ತು. ನಾನು ಬರೆದ ಪ್ರಕಾರ ತಾಯಿ ಸತ್ತ ಮೂರು ವರ್ಷಕ್ಕೆ ಮಗು ಹುಟ್ಟಿತ್ತು. ನಮ್ಮ ತಂಡದ ಹಿರಿಯ ಮಹಿಳೆಯೊಬ್ಬರು ಅದನ್ನು ಹಿಡಿದರು. ಬೈಯಲಿಲ್ಲ. ನನ್ನ ಕೈಹಿಡಿದು ಆ ಅಂಕಿಯ ಎಡಬದಿಯ ಮೇಲೆ ಬೆರಳಾಡಿಸಿದರು. ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಕ್ಕಿತು. ಆ ಒಂದು ಅಂಕಿ ಹಾಗೆಯೇ ಅಚ್ಚಾಗಿದ್ದರೆ, ಕೆನಡಾದಲ್ಲೋ ನ್ಯೂಜಿಲೆಂಡಿನಲ್ಲೋ ಕುಳಿತು ತಮ್ಮ ಮೂಲ ಹುಡುಕುವವರು ಇಲ್ಲದ ಎರಡನೆಯ ಹೆಂಡತಿಯೊಬ್ಬಳನ್ನು ಹುಡುಕುತ್ತ ವರ್ಷಗಳನ್ನು ಕಳೆಯುತ್ತಿದ್ದರು. ಅಂದಿನಿಂದ ನಾನು ಅಂಕಿಗಳನ್ನು ಎರಡು ಸಲ ಕಣ್ಣಿನಿಂದ, ಒಂದು ಸಲ ಬೆರಳಿನಿಂದ ಓದುತ್ತೇನೆ.

ಹದಿನೆಂಟನೆಯ ಶತಮಾನದ ಕಲ್ಲುಗಳ ಬೆನ್ನು ನೋಡುವುದು ನನಗೆ ಬಲು ಇಷ್ಟ. ತಲೆಬುರುಡೆ, ಅಡ್ಡಮೂಳೆ, ಮರಳು ಗಡಿಯಾರ, ಗುಂಡಿ ತೋಡುವವನ ಸಲಿಕೆ ಹೀಗೆ ಸಾವನ್ನು ನೆನಪಿಸುವ ಚಿತ್ರಗಳು ಅಲ್ಲಿವೆ. ಅವುಗಳ ನಡುವೆ ಕಸುಬಿನ ಗುರುತುಗಳು. ನೇಕಾರನಿಗೆ ಲಾಳಿ, ರೈತನಿಗೆ ನೇಗಿಲ ಗುಳ, ದರ್ಜಿಗೆ ಕತ್ತರಿ ಮತ್ತು ಇಸ್ತ್ರಿಪೆಟ್ಟಿಗೆ, ಕಮ್ಮಾರನಿಗೆ ಕಿರೀಟ ತೊಟ್ಟ ಸುತ್ತಿಗೆ. ಓದು ಬಾರದವರಿಗೂ ಇದು ಯಾರ ಕಲ್ಲೆಂದು ತಿಳಿಯುತ್ತಿತ್ತು. ಮೊದಲ ಸಲ ಲಾಳಿಯನ್ನು ಕಂಡಾಗ ಇಳಕಲ್ಲಿನ ಮಗ್ಗಗಳ ಸದ್ದು ಕಿವಿಯಲ್ಲಿ ಎದ್ದಿತು. ಇಳಕಲ್ಲೆಂದರೆ ಇನ್ನೊಂದು ಮಾತು. ಗ್ರಾನೈಟನ್ನು ಉಗಿಯಂತ್ರದಿಂದ ಹೊಳಪುಗೊಳಿಸುವ ಕೆಲಸವನ್ನು 1830ರ ದಶಕದಲ್ಲಿ ಬೆಳೆಸಿದ್ದು ಇದೇ ಅಬರ್ಡೀನಿನ ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್. ಇಲ್ಲಿನ ಸಮಾಧಿ ಕಲ್ಲುಗಳು ದೂರದೂರಕ್ಕೆ ಹೋದವು. ಊರಿಗೆ ಕಲ್ಲು ಕೊಟ್ಟ ರುಬಿಸ್ಲಾ ಕ್ವಾರಿ 1971ರಲ್ಲಿ ಮುಚ್ಚಿತು. ಈಗ ಬ್ರಿಟನ್ನಿನಲ್ಲಿ ನೆಡುವ ಹೊಸ ಸಮಾಧಿ ಕಲ್ಲುಗಳಲ್ಲಿ ಬಹಳಷ್ಟು ಭಾರತದ ಗ್ರಾನೈಟು. ಅದರಲ್ಲಿ ನಮ್ಮ ಚಾಮರಾಜನಗರದ ಕಡೆಯ ಕಪ್ಪು ಕಲ್ಲೂ ಇಳಕಲ್ಲಿನ ಕೆಂಪು ಕಲ್ಲೂ ಉಂಟು. ಹೊಸ ಸಾಲಿನಲ್ಲಿ ನಡೆಯುವಾಗ ಯಾವ ಕಲ್ಲು ನಮ್ಮ ಕಡೆಯದಿರಬಹುದೆಂದು ನಿಂತು ನೋಡುತ್ತೇನೆ.

ಕೆಲವು ಅಂಗಳಗಳಲ್ಲಿ ಕಬ್ಬಿಣದ ಭಾರಿ ಪಂಜರಗಳಿವೆ. ವೈದ್ಯಶಾಲೆಗಳಿಗೆ ಮಾರಲೆಂದು ಹೊಸದಾಗಿ ಹೂತ ಹೆಣಗಳನ್ನು ಕಳ್ಳರು ಅಗೆದು ಒಯ್ಯುತ್ತಿದ್ದ ಕಾಲದವು. ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 1828ರಲ್ಲಿ ಹೆಣಕ್ಕಾಗಿ ಕೊಲೆಗೇ ಇಳಿದಿದ್ದರು. ಅಬರ್ಡೀನಿನ ಉತ್ತರಕ್ಕೆ ಅಡ್ನಿ ಗ್ರೀನ್ ಎಂಬಲ್ಲಿ 1832ರಲ್ಲಿ ಕಟ್ಟಿದ ದುಂಡನೆಯ ಕಲ್ಲಿನ ಮನೆಯಿದೆ. ಒಳಗೆ ಏಳು ಶವಪೆಟ್ಟಿಗೆ ಇಡಬಹುದಾದ ತಿರುಗುವ ಮರದ ಹಲಗೆ. ಕಳ್ಳನಿಗೆ ಉಪಯೋಗವಿಲ್ಲದಷ್ಟು ಹೆಣ ಕೆಟ್ಟ ಮೇಲೆ ಹೂಳುತ್ತಿದ್ದರು. ಅದೇ ವರ್ಷ ಅಂಗರಚನಾ ಶಾಸ್ತ್ರದ ಕಾನೂನು ಬಂದು ವೈದ್ಯರಿಗೆ ಹೆಣಗಳು ಸಕ್ರಮವಾಗಿಯೇ ಸಿಗುವಂತಾಯಿತು, ಆ ಮನೆಯ ಕೆಲಸ ಬೇಗನೆ ಮುಗಿಯಿತು.

ನಾನು ಹೆಚ್ಚು ಹೊತ್ತು ನಿಲ್ಲುವುದು ಮಕ್ಕಳ ಹೆಸರುಗಳ ಮುಂದೆ. ಇಲ್ಲಿ ಹಿರಿಯ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು. ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು ಇಡುವ ರೂಢಿ ಬಹಳ ಕಾಲ ಇತ್ತು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಸರು ಅಜ್ಜನದಾದ್ದರಿಂದ ಅದು ಮನೆಯಲ್ಲಿ ಉಳಿಯಲೇಬೇಕು. ಆದ್ದರಿಂದ ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು. ಒಂದು ಕಲ್ಲಿನಲ್ಲಿ ಜೇಮ್ಸ್, ಎರಡು ವರ್ಷ. ಕೆಳಗೆ ಜೇಮ್ಸ್, ಹತ್ತು ತಿಂಗಳು. ಅದರ ಕೆಳಗೆ ಜೇಮ್ಸ್, ಅರವತ್ತೊಂಬತ್ತು ವರ್ಷ. ಆ ಮೂರನೆಯ ಸಾಲಿಗೆ ಬಂದಾಗ ನನಗೆ ಉಸಿರು ಬಂದಂತಾಯಿತು.

ಸತ್ತವರೆಲ್ಲ ಕಲ್ಲಿನ ಕೆಳಗೇ ಇರುತ್ತಾರೆಂದೂ ಅಲ್ಲ. ಸಮುದ್ರದಲ್ಲಿ ಮುಳುಗಿದವರು, ಜಮೈಕಾದಲ್ಲಿ ಜ್ವರದಿಂದ ಸತ್ತವರು, ಬಂಗಾಳದಲ್ಲೋ ಮದ್ರಾಸಿನಲ್ಲೋ ಉಳಿದುಹೋದವರು ಎಲ್ಲರ ಹೆಸರೂ ಅಪ್ಪ ಅಮ್ಮನ ಕಲ್ಲಿನ ಮೇಲೆ ಬಂದು ಸೇರಿವೆ. ಆ ಕಾಲದಲ್ಲಿ ಹೀಗೆ ನಮ್ಮ ನಾಡಿಗೆ ಬಂದವರಲ್ಲಿ ಲೂಯಿಸ್ ದ್ವೀಪದ ಸ್ಟೋರ್ನೊವೇಯಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿಯೂ ಒಬ್ಬ. ಟಿಪ್ಪು ಮಡಿದ 1799ರ ನಂತರ ಮೈಸೂರು ಸೀಮೆಯನ್ನು ಅಳೆದವನು. ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರ ನೆರವಿನಿಂದ ಊರೂರಿನ ಶಾಸನಗಳನ್ನು ಬರೆಸಿಕೊಂಡವನು. ಕಲ್ಕತ್ತೆಯಲ್ಲಿ 1821ರಲ್ಲಿ ತೀರಿಕೊಂಡ. ಅವನ ನಾಡಿನ ಕಲ್ಲುಗಳನ್ನು ಈಗ ನಾನು ಬರೆದುಕೊಳ್ಳುತ್ತಿದ್ದೇನೆ ಎಂಬುದು ಕೆಲವು ಸಂಜೆ ಒಂದು ಋಣ ತೀರಿಸಿದಂತೆ ಅನಿಸುತ್ತದೆ.

ಹಾವೇರಿ ಕಡೆಯ ನಮ್ಮ ಹಳ್ಳಿಗೆ ನಾನು ಚಿಕ್ಕವಳಿದ್ದಾಗ ಸುಗ್ಗಿಯ ನಂತರ ಎತ್ತಿನ ಮೇಲೆ ಹೆಳವ ಬರುತ್ತಿದ್ದ. ಕಟ್ಟೆಯ ಮೇಲೆ ಕುಳಿತು ನಮ್ಮ ಮನೆತನ ಎಲ್ಲಿಂದ ಬಂದದ್ದು, ಯಾರ ಮಗ ಯಾರು ಎಂದು ತಲೆಮಾರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಅಪ್ಪ ಅವನಿಗೆ ಜೋಳ ಅಳೆದು ಕೊಡುತ್ತಿದ್ದರು. ಅವನು ಹೇಳಿದ ಹೆಸರುಗಳಲ್ಲಿ ನನಗೆ ನೆನಪಿರುವವೆಲ್ಲ ಗಂಡಸರವು. ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಅಜ್ಜಿಯನ್ನು ಊರೆಲ್ಲ ಸಣ್ಣವ್ವ ಎನ್ನುತ್ತಿತ್ತು. ಅದು ಮದುವೆಯ ದಿನ ಈ ಮನೆಯವರು ಇಟ್ಟ ಹೆಸರು. ಅಜ್ಜಿಯನ್ನು ಹೊಲದ ಬದುವಿನಲ್ಲಿ, ಬೇವಿನ ಮರದ ಪಕ್ಕ ಮಣ್ಣು ಮಾಡಿದರು. ಕಲ್ಲು ನಿಲ್ಲಿಸಲಿಲ್ಲ.

ಎಲ್ಸ್‌ಪೆಟ್‌ಳ ಸಾಲನ್ನು ಬರೆದು ಮುಗಿಸಿದ ಆ ವಾರ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೆ ಎಂಬತ್ತು ದಾಟಿದೆ.

“ಅತ್ತೆ, ಅಜ್ಜಿಗೆ ತವರಿನಲ್ಲಿ ಏನೆಂದು ಕರೆಯುತ್ತಿದ್ದರು?”

“ಈಗೇಕೆ ಬಂತು ಆ ಮಾತು?”

“ಬರೆದಿಟ್ಟುಕೊಳ್ಳಬೇಕು.”

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಜ್ಜಿಯ ಅಪ್ಪನ ಹೆಸರು ಹೇಳಿದರು, ತವರಿನ ಮನೆತನ ಹೇಳಿದರು, ವರದಾ ನದಿಯ ದಂಡೆಯ ಊರು ಹೇಳಿದರು. ಹೆಸರಿನ ಹತ್ತಿರ ಬಂದು ತಡೆದರು. “ಸೋದರಮಾವ ಒಂದೆರಡು ಸಲ ಕರೆದದ್ದನ್ನು ಕೇಳಿದ್ದೇನೆ. ನೀಲವ್ವ ಎಂದಿದ್ದನೋ ಲೀಲವ್ವ ಎಂದಿದ್ದನೋ, ನಾನಾಗ ಸಣ್ಣವಳು. ನೀಲವ್ವ ಎಂದೇ ಇರಬೇಕು.”

ಅಂಗಳಕ್ಕೆ ಒಯ್ಯುವ ಅದೇ ಪುಸ್ತಕದ ಕೊನೆಯ ಹಾಳೆಯನ್ನು ತೆಗೆದೆ. ಕಲಿಸಿದ ರೀತಿಯಲ್ಲಿಯೇ ಬರೆದೆ, ಮೊದಲ ಅಕ್ಷರಕ್ಕೆ ಕಂಸ ಹಾಕಿ: [ನೀ]ಲವ್ವ. ಅದರ ಮುಂದೆ ಅವಳ ತವರಿನ ಹೆಸರು.