ಹೆಡ್ಮಾಸ್ಟರು ಕೊಟ್ಟ ಎರಡು ವರ್ಷ

ನಮ್ಮೂರ ಶಾಲೆಯ ದಾಖಲಾತಿ ಪುಸ್ತಕ ನಂಬುವುದಾದರೆ ನನ್ನ ವಾರಿಗೆಯ ಹುಡುಗರಲ್ಲಿ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ಗುಬ್ಬಿ, ತಿಪಟೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದನ್ನು ನೋಡಿ ಮಾಡಿದ ಪಾಸ್‌ಪೋರ್ಟು, ಪಾಸ್‌ಪೋರ್ಟ್ ನೋಡಿ ಮಾಡಿದ ಇಲ್ಲಿನ ಸಕಲ ಕಾಗದಪತ್ರ, ಎಲ್ಲದರಲ್ಲೂ 01-06-1964. ಅದು ಸುಳ್ಳು ಅಂತ ಗೊತ್ತಿತ್ತು. ಎಷ್ಟು ಸುಳ್ಳು ಅಂತ ಗೊತ್ತಿರಲಿಲ್ಲ. ಅದು ಗೊತ್ತಾಗಲು ನಾನು ಇಂಗ್ಲೆಂಡಿನ ಒಂದು ಪಾರ್ಕಿನಲ್ಲಿ ಓಡಬೇಕಾಯಿತು.

ನಾನಿರುವುದು ಕಾವೆಂಟ್ರಿ ಊರಿನಲ್ಲಿ. ಇಲ್ಲಿ ವಾರ್ ಮೆಮೋರಿಯಲ್ ಪಾರ್ಕ್ ಅಂತ ದೊಡ್ಡದೊಂದು ಪಾರ್ಕಿದೆ. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ 1921ರಲ್ಲಿ ತೆರೆದದ್ದು. ಮರಗಳ ಬುಡದಲ್ಲಿ ಸೈನಿಕರ ಹೆಸರಿನ ಫಲಕಗಳಿವೆ. ಶನಿವಾರ ಬೆಳಿಗ್ಗೆ 9 ಗಂಟೆಗೆ ಅಲ್ಲಿ ಪಾರ್ಕ್‌ರನ್. 5 ಕಿಲೋಮೀಟರ್, ಕಾಸಿಲ್ಲ, ಕರೆಯೋಲೆ ಬೇಡ. 2004ರಲ್ಲಿ ಲಂಡನ್ ಬಳಿಯ ಬುಷಿ ಪಾರ್ಕಿನಲ್ಲಿ ಪಾಲ್ ಸಿಂಟನ್-ಹೆವಿಟ್ ಎಂಬಾತ 13 ಜನರನ್ನು ಓಡಿಸಿ ಶುರು ಮಾಡಿದ್ದು, ಈಗ ಎಷ್ಟೋ ದೇಶಗಳಲ್ಲಿದೆ. ಒಂದು ಸಲ ಹೆಸರು, ಹುಟ್ಟಿದ ದಿನ ಬರೆಸಿ ಬಾರ್‌ಕೋಡ್ ತೆಗೆದುಕೊಂಡರೆ ಮುಗಿಯಿತು. ಓಡಿ ಮನೆಗೆ ಬಂದು ಸ್ನಾನ ಮಾಡಿ ತಿಂಡಿಗೆ ಕೂರುವಷ್ಟರಲ್ಲಿ ಫಲಿತಾಂಶ ಮೊಬೈಲಿಗೆ ಬಂದಿರುತ್ತದೆ.

2017ರಲ್ಲಿ ಸೇರಿದೆ. ಸಕ್ಕರೆ ಗಡಿಯಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದ್ದೇ ಕಾರಣ, ಬೇರೆ ಯಾವ ಘನ ಉದ್ದೇಶವೂ ಇರಲಿಲ್ಲ. ಮೊದಲ ದಿನ 36 ನಿಮಿಷ, ನಾಲಿಗೆ ಹೊರಗೆ. ಎರಡು ವರ್ಷಕ್ಕೆ 25 ನಿಮಿಷ 12 ಸೆಕೆಂಡಿಗೆ ಇಳಿಸಿದೆ. ಆ 12 ಸೆಕೆಂಡ್ ಕಿತ್ತು ಹಾಕಬೇಕು ಅನ್ನುವಷ್ಟರಲ್ಲಿ ಕೊರೋನಾ ಬಂತು. 2020ರ ಮಾರ್ಚಿಗೆ ನಿಂತ ಪಾರ್ಕ್‌ರನ್ ಇಂಗ್ಲೆಂಡಿನಲ್ಲಿ ಮತ್ತೆ ಶುರುವಾದದ್ದು 2021ರ ಜುಲೈನಲ್ಲಿ. ಅಷ್ಟರಲ್ಲಿ ನನ್ನ ಮೈ ಮರೆತಿದ್ದನ್ನು ತಲೆ ಮರೆತಿರಲಿಲ್ಲ. ಮರುವರ್ಷ ಒಂದು ಶನಿವಾರ ಹಳೆಯ 25 ನಿಮಿಷದ ಬೆನ್ನು ಹತ್ತಿ ಹೋದವನಿಗೆ ಮೀನಖಂಡದಲ್ಲಿ ಯಾರೋ ಕಲ್ಲು ಬೀರಿದ ಹಾಗಾಯಿತು. ತಿರುಗಿ ನೋಡಿದೆ, ಯಾರೂ ಇಲ್ಲ. ಸ್ನಾಯು ಹರಿದಿತ್ತು. ನಾಲ್ಕು ತಿಂಗಳು ಕುಂಟಿದೆ.

ಆ ಕುಂಟುವ ದಿನಗಳಲ್ಲೇ ಫಲಿತಾಂಶದ ಕೊನೆಯಲ್ಲಿರುವ ಒಂದು ಅಂಕಿಯನ್ನು ಮೊದಲ ಸಲ ಕಣ್ಣಿಟ್ಟು ನೋಡಿದ್ದು. ಏಜ್ ಗ್ರೇಡ್ ಎನ್ನುತ್ತಾರೆ.

ನಮ್ಮ ಕಡೆ ಬೆದ್ದಲು ಹೊಲದ ರಾಗಿಯನ್ನು ತೋಟದ ಅಡಿಕೆ ಜೊತೆ ಯಾರೂ ತೂಗುವುದಿಲ್ಲ. ಬೆದ್ದಲಿನಲ್ಲಿ ಒಳ್ಳೆಯ ಮಳೆಗೆ ಎಕರೆಗೆ ಎಷ್ಟು ಬಂದೀತು ಎಂಬುದು ಊರಿಗೇ ಗೊತ್ತಿರುತ್ತದೆ, ಅದರ ಮುಂದೆ ಈ ವರ್ಷದ ಫಸಲಿಟ್ಟು ಮಾತಾಡುತ್ತಾರೆ. ಏಜ್ ಗ್ರೇಡ್ ಕೂಡ ಅಷ್ಟೇ. ಹಿರಿಯ ಕ್ರೀಡಾಪಟುಗಳ ಜಾಗತಿಕ ಸಂಸ್ಥೆ 1989ರಲ್ಲಿ ಮೊದಲ ಪಟ್ಟಿ ಹೊರತಂದಿತು. ಈಗ ಆ ಸಂಸ್ಥೆಗೆ ವರ್ಲ್ಡ್ ಮಾಸ್ಟರ್ಸ್ ಅಥ್ಲೆಟಿಕ್ಸ್ ಅಂತ ಹೆಸರು, ಪಟ್ಟಿಗಳೂ ಆಗಾಗ ಪರಿಷ್ಕಾರ ಆಗುತ್ತಿರುತ್ತವೆ. ಒಂದೊಂದು ವಯಸ್ಸಿಗೂ, ಒಂದೊಂದು ದೂರಕ್ಕೂ, ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ, ಜಗತ್ತಿನ ಅತ್ಯುತ್ತಮ ಓಟ ಎಷ್ಟಿದ್ದೀತು ಎಂದು ದಾಖಲೆಗಳ ಆಧಾರದ ಮೇಲೆ ಒಂದು ಮಟ್ಟ ಇಟ್ಟಿದ್ದಾರೆ. ಅರವತ್ತರ ಗಂಡಸಿಗೆ 5 ಕಿಲೋಮೀಟರಿಗೆ ಅದು ಹತ್ತಿರಹತ್ತಿರ 16 ನಿಮಿಷ. ಅವನು 32 ನಿಮಿಷಕ್ಕೆ ಓಡಿದರೆ ಐವತ್ತು ಅಂಕ, 16ಕ್ಕೇ ಓಡಿದರೆ ನೂರಕ್ಕೆ ನೂರು. ಲೆಕ್ಕ ಇಷ್ಟೇ.

ಅರವತ್ತು ದಾಟಿದರೆ ಸ್ಥಳೀಯ ಮಟ್ಟ, ಎಪ್ಪತ್ತಕ್ಕೆ ಪ್ರಾದೇಶಿಕ, ಎಂಬತ್ತಕ್ಕೆ ರಾಷ್ಟ್ರ ಮಟ್ಟ, ತೊಂಬತ್ತರ ಮೇಲೆ ವಿಶ್ವ ಮಟ್ಟ ಎನ್ನುವುದು ರೂಢಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅರವತ್ತು ಅಂದರೆ ಹೋಬಳಿ ಮಟ್ಟ. ಶಾಲೆಯಲ್ಲಿದ್ದಾಗ ನಾನು ಹೋಬಳಿ ಕ್ರೀಡಾಕೂಟಕ್ಕೂ ಆಯ್ಕೆಯಾದವನಲ್ಲ, ಪಾನಕದ ಕೊಳಗ ಹೊತ್ತುಕೊಂಡು ಹೋಗುತ್ತಿದ್ದವನು. ಅದಕ್ಕೇ ಇರಬೇಕು, ಆ ಅರವತ್ತು ತಲೆಗೆ ಹತ್ತಿತು.

ಈ ಪಟ್ಟಿ ನೋಡುವವರೆಗೂ ನಮ್ಮ ಪಾರ್ಕಿನ ಒಬ್ಬ ಅಜ್ಜಿಯನ್ನು ನಾನು ನಗುನಗುತ್ತಾ ಹಿಂದೆ ಹಾಕಿ ಹೋಗುತ್ತಿದ್ದೆ. ವಯಸ್ಸು 74. 29 ನಿಮಿಷ ಚಿಲ್ಲರೆಗೆ ಬರುತ್ತಾರೆ. ಗಡಿಯಾರದಲ್ಲಿ ನಾನು ಮುಂದೆ, ಸರಿ. ಏಜ್ ಗ್ರೇಡ್ ನೋಡಿದರೆ ಅವರದು ಎಪ್ಪತ್ತರ ಮೇಲೆ. ಮರುವಾರದಿಂದ ಅವರನ್ನು ದಾಟುವಾಗ ಒಂದು ಗುಡ್ ಮಾರ್ನಿಂಗ್ ಹೇಳಿಯೇ ದಾಟುತ್ತೇನೆ.

ಪಟ್ಟಿಯ ಮೇಲ್ತುದಿಯಲ್ಲಿರುವವರ ಕಥೆಯೇ ಬೇರೆ. ಕೆನಡಾದ ಎಡ್ ವಿಟ್ಲಾಕ್ 73ನೇ ವಯಸ್ಸಿನಲ್ಲಿ, 2004ರಲ್ಲಿ, ಟೊರಾಂಟೊ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿಗೆ ಓಡಿದರು. 85ರಲ್ಲಿ ಮತ್ತೆ ಓಡಿ ನಾಲ್ಕು ಗಂಟೆಯ ಒಳಗೆ ಮುಗಿಸಿದರು. ಅವರ ಅಭ್ಯಾಸವೆಲ್ಲ ಮನೆ ಹತ್ತಿರದ ಸ್ಮಶಾನದ ಸುತ್ತ, ಗಂಟೆಗಟ್ಟಲೆ, ಮೆಲ್ಲಗೆ. ಸತ್ತವರ ಹೆಸರಿನ ನಡುವೆ ಓಡುವ ವಿಷಯದಲ್ಲಾದರೂ ನಾನೂ ಅವರೂ ಒಂದೇ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಗುರಿ ಇಡುವ ರೀತಿ ಇದರಿಂದ ಬದಲಾಯಿತು. 25 ನಿಮಿಷ ಎಂಬುದು ನಿಂತ ನೀರು, ನಾನು ಮಾತ್ರ ವರ್ಷವರ್ಷವೂ ಅದರಿಂದ ದೂರ ಹೋಗುತ್ತಿದ್ದೆ. ಅಂಕದ ಗುರಿ ಹಾಗಲ್ಲ. ಈ ವಯಸ್ಸಿನಲ್ಲಿ ಅದೇ ಅಂಕಕ್ಕೆ ಪಟ್ಟಿ ವರ್ಷಕ್ಕೆ ಹತ್ತು ಹನ್ನೆರಡು ಸೆಕೆಂಡ್ ರಿಯಾಯಿತಿ ಕೊಡುತ್ತದೆ. ಅಷ್ಟರೊಳಗೆ ನಿಧಾನವಾದರೆ ಅದು ವಯಸ್ಸಿನ ಪಾಲು, ಅದಕ್ಕಿಂತ ಹೆಚ್ಚಾದರೆ ಸೋಮಾರಿತನದ ಪಾಲು.

ಇನ್ನೊಂದು ಉಪಯೋಗವನ್ನು ನಾನು ತಡವಾಗಿ ಕಂಡುಕೊಂಡೆ. ಬೇರೆಬೇರೆ ದೂರಗಳನ್ನು ಇದೇ ತಕ್ಕಡಿಯಲ್ಲಿ ಇಡಬಹುದು. 2 ಗಂಟೆ 15 ನಿಮಿಷಕ್ಕೆ ಮುಗಿಸಿದ ಹಾಫ್ ಮ್ಯಾರಥಾನ್ ಬಗ್ಗೆ ಹೆಮ್ಮೆಯಿತ್ತು, ಮೆಡಲ್ಲು ದೇವರ ಮನೆ ಪಕ್ಕದಲ್ಲೇ ನೇತು ಹಾಕಿದ್ದೆ. ಲೆಕ್ಕ ಹಾಕಿದರೆ 54ರ ಆಸುಪಾಸು. 5 ಕಿಲೋಮೀಟರಿನಲ್ಲಿ ಅರವತ್ತರ ಹತ್ತಿರ ಇರುವವನು ಉದ್ದ ಓಟದಲ್ಲಿ ಅಷ್ಟು ಕೆಳಗಿದ್ದಾನೆ ಅಂದರೆ ಕಾಲಿನ ಚುರುಕಿಗೆ ಏನೂ ಆಗಿಲ್ಲ, ದಮ್ಮು ಸಾಲದು. ಅಲ್ಲಿಂದ ಭಾನುವಾರ ಒಂದೂವರೆ ಗಂಟೆ, ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ. ಮಾತಾಡಲು ಯಾರೂ ಸಿಗದಿದ್ದಾಗ ಊರಿಗೆ ಫೋನು.

2025ರ ಜೂನ್ 7, ಶನಿವಾರ. ಹಿಂದಿನ ಭಾನುವಾರವಷ್ಟೇ ಕಾಗದದ ಮೇಲೆ ನನಗೆ 61 ತುಂಬಿತ್ತು. ಒಣ ನೆಲ, ಗಾಳಿಯಿಲ್ಲ. 26 ನಿಮಿಷ 50 ಸೆಕೆಂಡ್. ತಿಂಡಿ ತಟ್ಟೆ ಮುಂದೆ ಮೊಬೈಲ್ ತೆರೆದರೆ ಅಂಕ ಅರವತ್ತು ದಾಟಿತ್ತು, ಕೂದಲೆಳೆಯಷ್ಟು. 2019ರ 25 ನಿಮಿಷ 12 ಸೆಕೆಂಡಿಗೆ ಬಂದಿದ್ದೂ ಹೆಚ್ಚುಕಮ್ಮಿ ಇಷ್ಟೇ. ಒಂದೂವರೆ ನಿಮಿಷ ನಿಧಾನವಾಗಿದ್ದೇನೆ, ಆದರೂ ಎಲ್ಲಿದ್ದೆನೋ ಅಲ್ಲೇ ಇದ್ದೇನೆ! ಹೆಂಡತಿಗೆ ಹೇಳಿದೆ. “ದೋಸೆ ಆರೋಗ್ತಿದೆ” ಎಂದಳು.

ಜುಲೈ ಕೊನೆಗೆ ಊರಿಗೆ ಬಂದೆ. ತುಮಕೂರಿನಲ್ಲಿ ಅಕ್ಕನ ಮನೆ, ಅವ್ವನೂ ಅಲ್ಲೇ ಇದ್ದಾಳೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ವಾರವಿತ್ತು. ಅವರೆಲ್ಲರ ಮುಂದೆ ನನ್ನ ಹೋಬಳಿ ಮಟ್ಟದ ಸಾಧನೆಯನ್ನು ವಿವರಿಸುತ್ತಾ, “ಅರವತ್ತೊಂದು ವಯಸ್ಸಿಗೆ ಇದು...” ಅನ್ನುವಷ್ಟರಲ್ಲಿ ಹೂವು ಕಟ್ಟುತ್ತಿದ್ದ ಅವ್ವ ತಲೆಯೆತ್ತಿದಳು.

“ಅರವತ್ತೊಂದಾ? ಯಾರ್ಲಾ ಹೇಳಿದ್ದು?”

“ಪಾಸ್‌ಪೋರ್ಟು ಹೇಳ್ತದೆ ಕಣವ್ವ.”

“ನಿನ್ನ ಹೆತ್ತಿದ್ದು ಪಾಸ್‌ಪೋರ್ಟಾ? ಶಾಸ್ತ್ರಿಗಳು ಹೋದ್ರು ಅಂತ ಪಟೇಲ್ರ ಮನೆ ರೇಡಿಯೋದಾಗೆ ಬಂತು. ಊರೇ ಅಲ್ಲಿ ಕೂತಿತ್ತು. ಅದಾದ ಮೂರ್ನೇ ದಿನಕ್ಕೆ ಸಂಕ್ರಾಂತಿ. ದನ ಕಿಚ್ಚು ಹಾಯ್ಸೋ ಹೊತ್ಗೆ ನೀನು ಹುಟ್ದೆ.”

ಲಾಲ್ ಬಹದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡದ್ದು 1966ರ ಜನವರಿ 11. ಅಂದರೆ ನಾನು ಹುಟ್ಟಿದ್ದು 1966ರ ಜನವರಿ 14. ಅಂಗೈಯಲ್ಲಿ ಎಣಿಸಿದೆ. ಅರವತ್ತೊಂದಲ್ಲ, ಅರವತ್ತೂ ಅಲ್ಲ, ಐವತ್ತೊಂಬತ್ತು.

ಆಮೇಲೆ ಪೂರ್ತಿ ಕಥೆ ಬಂತು. ಅಪ್ಪ ಅವ್ವ ಇಬ್ಬರೂ ಹೊಲಕ್ಕೆ ಹೋದರೆ ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿರಲಿಲ್ಲ. ಅಕ್ಕ ಶಾಲೆಗೆ ಹೋಗುವಾಗ ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತಿದ್ದಳು. ಹೆಡ್ಮಾಸ್ಟರು ನೋಡಿ ನೋಡಿ, ಹೇಗೂ ಬರ್ತಾನಲ್ಲ ಹೆಸರು ಹಾಕೇ ಬಿಡ್ತೀನಿ ಎಂದು 1970ರ ಜೂನ್ 1ಕ್ಕೆ ಸರಿಯಾಗಿ ಆರು ವರ್ಷ ತುಂಬುವ ಹಾಗೆ ಬರೆದುಕೊಂಡರು. ನನಗಾಗ ನಾಲ್ಕು ವರ್ಷ ನಾಲ್ಕು ತಿಂಗಳು. ಒಂದನೇ ಕ್ಲಾಸಿನಲ್ಲಿ ಎರಡು ಸಲ ಕೂತದ್ದು ಯಾಕೆ ಅಂತ ಈಗ ಅರ್ಥವಾಯಿತು.

ಊರಲ್ಲೇ ಸರ್ಕಾರಿ ಕೆಲಸದಲ್ಲಿದ್ದಿದ್ದರೆ ಈ ಎರಡು ವರ್ಷಕ್ಕೆ ಹೆಡ್ಮಾಸ್ಟರಿಗೆ ಶಾಪ ಹಾಕುತ್ತಿದ್ದೆ, ಅಷ್ಟು ಬೇಗ ನಿವೃತ್ತಿ. ಏಜ್ ಗ್ರೇಡಿನಲ್ಲಿ ಮಾತ್ರ ಅದು ಉಡುಗೊರೆ. ಪಟ್ಟಿ ನನ್ನನ್ನು ಇದ್ದದ್ದಕ್ಕಿಂತ ಮುದುಕ ಎಂದು ನಂಬಿ ಕರುಣೆ ತೋರಿಸುತ್ತಿತ್ತು. ಅಲ್ಲೇ ಮೊಬೈಲ್ ತೆಗೆದು ಲೆಕ್ಕಕ್ಕೆ 59 ಹಾಕಿದೆ, ಅದೇ 26 ನಿಮಿಷ 50 ಸೆಕೆಂಡ್. ಸುಮಾರು ಒಂದು ಅಂಕ ಕಳಚಿ ಬಿತ್ತು. ಅರವತ್ತು ಹೋಯಿತು. ಹೋಬಳಿ ತಂಡದಿಂದ ಮತ್ತೆ ಪಾನಕದ ಕೊಳಗಕ್ಕೆ.

ನನ್ನ ಮುಖ ನೋಡಿ ಭಾವನಿಗೆ ನಗು ತಡೆಯಲಿಲ್ಲ. ಅವರು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ ಮುಚ್ಚಿ ಜಾಗ ಇಸ್ರೋಗೆ ಹೋಗಿದೆ, ಅವರ ಕೈಯಲ್ಲಿ ಕೀ ಕೊಡುವ ಎಚ್‌ಎಂಟಿ ಇನ್ನೂ ಓಡುತ್ತಿದೆ. ಆ ಜುಲೈನಲ್ಲೇ ಫೌಜಾ ಸಿಂಗ್ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಓದಿದ್ದರು. ಪಂಜಾಬಿನ ತಮ್ಮೂರಿನ ರಸ್ತೆಯಲ್ಲಿ ವಾಹನ ಬಡಿದು ಹೋದ ಅಜ್ಜ. ಪಾಸ್‌ಪೋರ್ಟಿನ ಪ್ರಕಾರ 114 ವರ್ಷ. 2011ರಲ್ಲಿ, ನೂರನೇ ವಯಸ್ಸಿನಲ್ಲಿ, ಟೊರಾಂಟೊ ಮ್ಯಾರಥಾನ್ ಮುಗಿಸಿದರೂ ಜನನ ಪತ್ರ ಇಲ್ಲವೆಂದು ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. 1911ರಲ್ಲಿ ಹಳ್ಳಿಯಲ್ಲಿ ಹುಟ್ಟಿದವನ ಜನನ ಪತ್ರ ಎಲ್ಲಿಂದ ತರುವುದು? “ಅವರ ಅವ್ವನ್ನ ಕೇಳ್ಬೇಕಾಗಿತ್ತು ಬಿಡಪ್ಪ” ಎಂದರು ಭಾವ.

ಮಾರನೇ ಬೆಳಿಗ್ಗೆ ಅಮಾನಿಕೆರೆಗೆ ಇಬ್ಬರೂ ಹೋದೆವು. ನಾನು ಓಡಿದೆ, ಅವರು ಬೆಂಚಿನ ಮೇಲೆ ಕೂತು ಎಚ್‌ಎಂಟಿಯಲ್ಲಿ ಹೊತ್ತು ನೋಡಿದರು. ವಾಕಿಂಗ್ ಬಂದ ಹಿರಿಯರು ದಾರಿಗಡ್ಡ ಸಾಲಾಗಿ ನಿಂತು ರಾಜಕೀಯ ಮಾತಾಡುತ್ತಿದ್ದರಿಂದ ಆ ಸಮಯಕ್ಕೆ ಬೆಲೆಯಿಲ್ಲ. ಈ ಪಟ್ಟಿಯೂ ಹಾಗೇ ಕುರುಡು. ಕೆಸರು, ಏರು, ಸೆಖೆ, ದಾರಿಗಡ್ಡ ನಿಂತ ಮೇಷ್ಟ್ರುಗಳು, ಯಾವುದೂ ಅದಕ್ಕೆ ಕಾಣದು. ಅದೇ ದಾರಿ, ಅದೇ ಋತು ಇಟ್ಟುಕೊಂಡು ಹೋಲಿಸಿದರೆ ಮಾತ್ರ ಅಂಕಕ್ಕೆ ಅರ್ಥ.

ಆಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಭಾವ ಒಂದು ಮಾತು ಹೇಳಿದರು. “ಯಾವಾಗ್ಲೂ ಐದು ನಿಮಿಷ ಮುಂದಿರೋ ವಾಚು ಕೆಟ್ಟ ವಾಚಲ್ಲಪ್ಪ. ಒಂದಿನ ಮುಂದೆ, ಒಂದಿನ ಹಿಂದೆ ಓಡೋದಿದ್ಯಲ್ಲ, ಅದು ರಿಪೇರಿಗೆ.” ನಿಜ ತಾನೆ? ತಪ್ಪು 2019ರಲ್ಲೂ ಇತ್ತು, ಈಗಲೂ ಇದೆ. ಎರಡನ್ನೂ ಇಳಿಸಿದರೆ ಎರಡೂ ಒಟ್ಟಿಗೇ ಇಳಿಯುತ್ತವೆ. ನಾನು ಎಲ್ಲಿದ್ದೆನೋ ಅಲ್ಲೇ ಇದ್ದೇನೆ ಅನ್ನುವುದು ಸುಳ್ಳಾಗಲಿಲ್ಲ, ಇದ್ದ ಜಾಗ ಒಂದು ಮೆಟ್ಟಿಲು ಕೆಳಗೆ ಅಷ್ಟೆ. ಹಾಗಂತ ನನ್ನ ವಾಚೂ ಪೂರ್ತಿ ನೆಟ್ಟಗಿಲ್ಲ. ಜೂನ್‌ನಿಂದ ಸಂಕ್ರಾಂತಿವರೆಗೆ ಎರಡು ವರ್ಷ ಮುಂದೆ, ಸಂಕ್ರಾಂತಿಯಿಂದ ಮೇ ಕೊನೆವರೆಗೆ ಒಂದೇ ವರ್ಷ.

ಕಾವೆಂಟ್ರಿಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದೆ. ಒಂದು ಹೆಡ್ಮಾಸ್ಟರದು, ಇನ್ನೊಂದು ಅವ್ವನದು. ಪಾರ್ಕ್‌ರನ್‌ನವರು ಕಳಿಸುವುದು ಹೆಡ್ಮಾಸ್ಟರ ಕಾಲಮ್ಮಿಗೆ. ಅದನ್ನು ತಿದ್ದಿಸಲು ಹೋಗಲಿಲ್ಲ, ಪಾಸ್‌ಪೋರ್ಟಿನ ಜೊತೆ ಜಗಳ ಯಾರಿಗೆ ಬೇಕು. ಗುರಿ ಮಾತ್ರ ಅವ್ವನ ಕಾಲಮ್ಮಿನಲ್ಲಿ ಅರವತ್ತು. ಅದಕ್ಕೆ ಸಂಕ್ರಾಂತಿಗೆ ಮುಂಚೆ 26 ನಿಮಿಷ 30 ಸೆಕೆಂಡಿನ ಒಳಗೆ ಬರಬೇಕು, ಸಂಕ್ರಾಂತಿ ಕಳೆದರೆ ಹತ್ತು ಹನ್ನೆರಡು ಸೆಕೆಂಡ್ ಸಡಿಲ. ಅಕ್ಟೋಬರಿನಲ್ಲಿ ಒಂದು ಸಲ 26 ನಿಮಿಷ 41 ಸೆಕೆಂಡ್ ಬಂತು. ಆಮೇಲೆ ಮಳೆ, ಕತ್ತಲು, ಕೆಸರು.

2026ರ ಜನವರಿ 17, ಶನಿವಾರ. ಅವ್ವನ ಲೆಕ್ಕದಲ್ಲಿ ಅರವತ್ತು ತುಂಬಿ ಮೂರು ದಿನ. ಪಾರ್ಕೆಲ್ಲ ಗದ್ದೆ. 27 ನಿಮಿಷ 31 ಸೆಕೆಂಡ್. ಶೂ ಬಿಚ್ಚುವ ಮುಂಚೆ ಊರಿಗೆ ಫೋನ್ ಮಾಡಿದೆ. ಎಳ್ಳು ಬೆಲ್ಲದ ಮಾತು, ಅರವತ್ತರ ಶಾಂತಿ ಯಾವಾಗ ಮಾಡಿಸ್ತೀಯ ಅನ್ನುವ ಮಾತು ಎಲ್ಲ ಮುಗಿದ ಮೇಲೆ ಅವ್ವ ಕೇಳಿದಳು.

“ಎಷ್ಟ್ ಬಂತ್ಲಾ?”

“ಐವತ್ತೆಂಟು ಕಣವ್ವ.”

“ಮತ್ತೆ ವಯಸ್ಸು ಕಮ್ಮಿ ಮಾಡ್ಕಂಡಾ?”

“ವಯಸ್ಸಲ್ಲ. ಅಂಕ. ನೂರಕ್ಕೆ.”

ಅವ್ವ ಫೋನ್ ಪಕ್ಕಕ್ಕೆ ಹಿಡಿದು ಭಾವನನ್ನು ಏನೋ ಕೇಳಿದ್ದು ಕೇಳಿಸಿತು. ಆಮೇಲೆ ಹೇಳಿದಳು, “ನಿಮ್ ಕಾಲ್ದಾಗೆ ಮೂವತ್ತೈದು ಬಂದ್ರೆ ಪಾಸಾಗ್ತಿತ್ತಂತೆ. ಸುಮ್ನೆ ಉಣ್ಣೋಗ್ಲಾ.”