ಇಂಗ್ಲಿಷರ ಪಿಚ್, ನಮ್ಮ ಹೂಡು

ಊರಿನಿಂದ ಬ್ರಿಟನ್ನಿಗೆ ಬಂದಿಳಿದವರಿಗೆ ಪಿಚ್ ಎಂದರೆ ಕ್ರಿಕೆಟ್. ಸಂಗೀತ ಕಲಿತವರಾದರೆ ಶ್ರುತಿ. ಎರಡೂ ಸರಿಯೇ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಕ್ಯಾಂಪಿಂಗ್ ಬುಕಿಂಗ್‌ನಲ್ಲಿ ‘ಹಾರ್ಡ್‌ಸ್ಟ್ಯಾಂಡಿಂಗ್ ಪಿಚ್’, ಮಗುವಿನ ಫುಟ್‌ಬಾಲ್ ಕ್ಲಬ್ಬಿನ ಸಂದೇಶದಲ್ಲಿ ‘ಪಿಚ್ ಇನ್‌ಸ್ಪೆಕ್ಷನ್’, ಮನೆ ವಿಮೆಯ ಅರ್ಜಿಯಲ್ಲಿ ‘ಪಿಚ್ಡ್ ರೂಫ್’, ಆಫೀಸಿನಲ್ಲಿ ‘ಸೋಮವಾರ ಪಿಚ್ ಇದೆ’. ಒಂದೇ ಪದ, ಪ್ರತಿ ಸಲವೂ ಬೇರೆ ವೇಷ.

ಬಿಡಿಸಿಕೊಳ್ಳಲು ಕನ್ನಡದಲ್ಲೇ ಒಂದು ಕೀಲಿ ಇದೆ: ‘ಹೂಡು’. ನಾವು ಡೇರೆ ಹೂಡುತ್ತೇವೆ, ಬಾಣ ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ, ದಾವೆಯನ್ನೂ ಹೂಡುತ್ತೇವೆ. ಮಧ್ಯಯುಗದ ಇಂಗ್ಲಿಷಿನಲ್ಲಿ ಪಿಚ್ ಎಂಬ ಕ್ರಿಯಾಪದಕ್ಕೂ ಚುಚ್ಚಿ ನೆಡು, ಊರು, ಎಸೆ ಎಂಬ ಅರ್ಥಗಳೇ ಇದ್ದವು. ನೆಟ್ಟ ಜಾಗವೂ ಪಿಚ್, ಎಸೆದದ್ದೂ ಪಿಚ್, ಎಷ್ಟು ಎತ್ತರಕ್ಕೆ ಇಟ್ಟೆವು ಎಂಬುದೂ ಪಿಚ್.

ಆಟದಿಂದ ಶುರು ಮಾಡೋಣ. ಕ್ರಿಕೆಟ್ಟಿನ ನಿಯಮದಲ್ಲಿ ಪಿಚ್ ಎಂದರೆ 22 ಗಜ ಉದ್ದ, 10 ಅಡಿ ಅಗಲದ ಪಟ್ಟಿ ಮಾತ್ರ. ಫುಟ್‌ಬಾಲ್‌ನಲ್ಲಿ ಇಡೀ ಮೈದಾನವೇ ಪಿಚ್. ‘ಪೋಷಕರು ಪಿಚ್ ಮೇಲೆ ಬರಬೇಡಿ’ ಎಂದರೆ ಬದಿಗೆರೆಯ ಆಚೆಯೇ ನಿಲ್ಲಿ ಎಂದರ್ಥ. ಮಕ್ಕಳ ಏಳು ಜನರ ಆಟಕ್ಕೆ 60×40 ಗಜದ ಪಿಚ್ ಸಾಕು. ದೊಡ್ಡವರ ಹನ್ನೊಂದು ಜನರ ಆಟಕ್ಕೆ 110×70 ಗಜ. ‘3ಜಿ ಪಿಚ್’ ಎಂದರೆ ಮರಳು, ರಬ್ಬರ್ ಚೂರು ತುಂಬಿದ ಕೃತಕ ಹುಲ್ಲು. ಸಾಮಾನ್ಯವಾಗಿ ಅಲ್ಲಿಗೆ ಲೋಹದ ಮುಳ್ಳಿನ ಬೂಟು ಬಿಡುವುದಿಲ್ಲ, ಹುಲ್ಲಿನ ಹಾಸು ಹರಿಯುತ್ತದೆ. ಬೂಟು ಕೊಳ್ಳುವ ಮೊದಲು ಯಾವ ಪಿಚ್ ಎಂದು ಕೇಳಿ.

ದುಡ್ಡು ಹೋಗುವುದು ಕ್ಯಾಂಪ್‌ಸೈಟಿನ ಪಿಚ್‌ನಲ್ಲಿ. ಇಲ್ಲಿ ಪಿಚ್ ಎಂದರೆ ನಿಮ್ಮ ಡೇರೆಗೋ ಕ್ಯಾರವಾನಿಗೋ ಬಾಡಿಗೆಗೆ ಕೊಟ್ಟ ತುಂಡು ನೆಲ. ಡೇರೆ ಅದರಲ್ಲಿ ಸೇರಿಲ್ಲ! ಗ್ರಾಸ್ ಪಿಚ್ ಹುಲ್ಲುನೆಲ. ಹಾರ್ಡ್‌ಸ್ಟ್ಯಾಂಡಿಂಗ್ ಎಂದರೆ ಜಲ್ಲಿ ಹಾಕಿ ಗಟ್ಟಿ ಮಾಡಿದ್ದು. ಕ್ಯಾರವಾನಿನ ಚಕ್ರ ಹೂತುಹೋಗದಿರಲೆಂದು ಮಾಡಿದ ಏರ್ಪಾಡು. ‘ಗಟ್ಟಿ ನೆಲ, ಮಳೆ ಬಂದರೂ ಕೆಸರಿಲ್ಲ’ ಎಂದು ಡೇರೆಗೆ ಅದನ್ನೇ ಹಿಡಿದವರು ಸಂಜೆ ಗಾಳಿಯಲ್ಲಿ ಪೇಚಾಡುತ್ತಾರೆ. ಡೇರೆಯ ಜೊತೆ ಬರುವ ತೆಳು ತಂತಿಯ ಗೂಟ ಜಲ್ಲಿಗೆ ಇಳಿಯದೆ ಬಾಗುತ್ತದೆ. ದಪ್ಪ ಉಕ್ಕಿನ ಗೂಟ, ಸುತ್ತಿಗೆ ಬೇಕು. ಪಕ್ಕದ ಕ್ಯಾರವಾನಿಗೂ ನಿಮಗೂ ನಡುವೆ ಸಾಮಾನ್ಯವಾಗಿ 6 ಮೀಟರ್ ಅಂತರ ಕೇಳುತ್ತಾರೆ. ಬೆಂಕಿ ಹಬ್ಬಬಾರದು ಎಂಬುದೇ ಕಾರಣ, ಹಾಗಾಗಿ ವಾದ ಮಾಡಿ ಲಾಭವಿಲ್ಲ.

‘ಎಲೆಕ್ಟ್ರಿಕ್ ಪಿಚ್’, ಅಂದರೆ ಕರೆಂಟಿನ ಸಂಪರ್ಕವಿರುವ ಪಿಚ್ ತೆಗೆದುಕೊಂಡರೆ ಎಷ್ಟು ಆಂಪ್ ಎಂದು ಮೊದಲೇ ನೋಡಿ. 16 ಆಂಪ್ ಇದ್ದರೆ ಅನುಕೂಲ. ಎಷ್ಟೋ ಕಡೆ 10, ಕೆಲವೆಡೆ 6 ಮಾತ್ರ. 230 ವೋಲ್ಟಿಗೆ 10 ಆಂಪ್ ಎಂದರೆ 2,300 ವ್ಯಾಟ್. ಇಲ್ಲಿನ ಮನೆಗಳ ಕೆಟಲ್ ಒಂದೇ 3,000 ವ್ಯಾಟ್ ಎಳೆಯುತ್ತದೆ. ಕಾಫಿಗೆ ನೀರಿಟ್ಟರೆ ಟ್ರಿಪ್ ಆಗಿ ಕರೆಂಟು ಹೋಗಬಹುದು. 700 ವ್ಯಾಟಿನ ರೈಸ್ ಕುಕ್ಕರ್, 1,000 ವ್ಯಾಟಿನ ಸಣ್ಣ ಕೆಟಲ್ ಆದರೆ ನಡೆಯುತ್ತದೆ; 6 ಆಂಪಿನಲ್ಲಿ ಅವೆರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ಕೇಬಲ್ ಸಾಮಾನ್ಯವಾಗಿ 25 ಮೀಟರ್ ಇರುತ್ತದೆ. ಕರೆಂಟಿನ ಕಂಬ ಹತ್ತಿರವೇ ಇದ್ದರೂ ಸುರುಳಿಯನ್ನು ಪೂರ್ತಿ ಬಿಚ್ಚಿ ಹರಡಿ. ಸುತ್ತಿಟ್ಟ ಕೇಬಲ್ ಭಾರ ಬಿದ್ದಾಗ ಬಿಸಿಯಾಗಿ ಕರಗಬಹುದು.

ಇದೇ ಅರ್ಥ ಇನ್ನೂ ದುಬಾರಿಯಾಗುವುದು ಪಾರ್ಕ್ ಹೋಮ್, ಅಂದರೆ ಬಾಡಿಗೆ ನೆಲದ ಮೇಲೆ ನಿಲ್ಲಿಸಿದ ಸಾಗಿಸಬಹುದಾದ ಮನೆ ಕೊಳ್ಳುವಾಗ. ಬೆಲೆ ಕಡಿಮೆ ಕಾಣುತ್ತದೆ, ಏಕೆಂದರೆ ಮನೆ ನಿಮ್ಮದು, ನೆಲ ಪಾರ್ಕಿನ ಒಡೆಯನದು. ಆ ನೆಲಕ್ಕೆ ‘ಪಿಚ್ ಫೀ’ ಕಟ್ಟುತ್ತಲೇ ಇರಬೇಕು. ಇಂಗ್ಲೆಂಡಿನಲ್ಲಿ 2023ರ ಜುಲೈನಿಂದ ಅದರ ವಾರ್ಷಿಕ ಪರಿಷ್ಕರಣೆಗೆ ಗ್ರಾಹಕ ಬೆಲೆ ಸೂಚ್ಯಂಕವೇ ಆಧಾರ. ಮುಂದೆ ಮಾರಿದರೆ ಬೆಲೆಯ ಶೇ. 10ರವರೆಗೆ ಒಡೆಯನಿಗೆ ಕಮಿಷನ್. ಸಂತೆಯ ಅಂಗಡಿಯ ಜಾಗ, ಬೀದಿ ಗಾಯಕ ನಿಲ್ಲುವ ಜಾಗ, ಅವೂ ಪಿಚ್‌ಗಳೇ.

ಇನ್ನು ಸಂಗೀತ. ಪಿಚ್ ಅನ್ನು ಶ್ರುತಿ ಎಂದು ಅನುವಾದಿಸಿ ಸುಮ್ಮನಾದರೆ ಇಲ್ಲಿ ಎಡವುತ್ತೇವೆ. ನಮ್ಮ ಷಡ್ಜಕ್ಕೆ ಗೊತ್ತಾದ ಎತ್ತರವಿಲ್ಲ. ಹಾಡುವವರ ಕಂಠಕ್ಕೆ ತಕ್ಕಂತೆ ಇಡುತ್ತೇವೆ. ಯಕ್ಷಗಾನದ ಭಾಗವತರು ‘ಕಪ್ಪು ಒಂದು’, ‘ಬಿಳಿ ಎರಡು’ ಎನ್ನುವುದು ಹಾರ್ಮೋನಿಯಂ ಮನೆ ನೋಡಿ. ಇಲ್ಲಿ ‘ಕನ್ಸರ್ಟ್ ಪಿಚ್’ ಎಂದರೆ ‘ಎ’ ಸ್ವರ ಸೆಕೆಂಡಿಗೆ 440 ಕಂಪನ, ಎಲ್ಲರಿಗೂ ಅದೇ. ಆ ಲೆಕ್ಕದಲ್ಲಿ ಬಿಳಿ ಒಂದು ಸುಮಾರು 262, ಕಪ್ಪು ಒಂದು 277, ಬಿಳಿ ಎರಡು 294. ಇದು ಅನಾದಿಯಲ್ಲ. 1859ರಲ್ಲಿ ಫ್ರಾನ್ಸ್ 435 ಎಂದು ಗೊತ್ತುಮಾಡಿತ್ತು, ಬರೋಕ್ ತಂಡಗಳು ಇಂದಿಗೂ 415ಕ್ಕೆ ನುಡಿಸುತ್ತವೆ.

ಫೋನಿನ ಟ್ಯೂನರ್ ಯಾರದೋ ಮಾತು ಕೇಳಿ 432ಕ್ಕೆ ಇಟ್ಟಿದ್ದರೆ ಶ್ರುತಿಪೆಟ್ಟಿಗೆಗಿಂತ ಸುಮಾರು 32 ಸೆಂಟ್, ಅಂದರೆ ಅರ್ಧಸ್ವರದ ಮೂರನೇ ಒಂದು ಪಾಲು ಇಳಿದಿರುತ್ತದೆ. ಎಲ್ಲ ತಂತಿಯೂ ಸರಿ ಎಂದು ಹಸಿರು ದೀಪ ಹತ್ತುತ್ತದೆ, ತಂಬೂರಿ ಹಾಕಿದರೆ ಕಿವಿ ಒಪ್ಪುವುದಿಲ್ಲ.

ಮಗು ಶಾಲೆಯಲ್ಲಿ ಪಾಶ್ಚಾತ್ಯ ಪಿಟೀಲು, ವಾರಾಂತ್ಯದಲ್ಲಿ ಕರ್ನಾಟಕ ಪಿಟೀಲು ಕಲಿಯುತ್ತಿದ್ದರೆ ಒಂದೇ ವಾದ್ಯ ಸಾಕೇ? ಶಾಲೆಯದು ಜಿ-ಡಿ-ಎ-ಇ, ನಮ್ಮದು ಸ-ಪ-ಸ-ಪ. ಷಡ್ಜ ಬಿಳಿ ಐದು, ಅಂದರೆ ‘ಜಿ’ ಆದರೆ ಕೆಳಗಿನ ಎರಡು ತಂತಿ ಹಾಗೆಯೇ ಉಳಿಯುತ್ತವೆ. ಮೇಲಿನ ಎರಡನ್ನು ಎರಡೆರಡು ಅರ್ಧಸ್ವರ ಇಳಿಸಿದರೆ ಆಯಿತು. ಷಡ್ಜ ಬಿಳಿ ಎರಡಕ್ಕೆ ಬಂದರೆ ಮೇಲಿನ ತಂತಿಗಳು ಏಳೇಳು ಅರ್ಧಸ್ವರ ಸಡಿಲ. ವಾರವಾರವೂ ಹೀಗೆ ಬಿಗಿದು ಸಡಿಲಿಸಿದರೆ ತಂತಿ ಬೇಗ ಹೋಗುತ್ತದೆ, ಕುದುರೆ ವಾಲುತ್ತದೆ. ಎರಡನೆಯದೊಂದು ಹಳೆಯ ಪಿಟೀಲು ಕೊಳ್ಳುವುದೇ ಅಗ್ಗ.

ವಿಮಾನದ ‘ಸೀಟ್ ಪಿಚ್’ ಕಾಲಿಡುವ ಜಾಗವಲ್ಲ. ಒಂದು ಸೀಟಿನ ಯಾವುದೋ ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗಿರುವ ದೂರ. ಬೆನ್ನೊರಗಿನ ದಪ್ಪವೂ ಅದರಲ್ಲಿ ಸೇರಿದೆ. ಆದ್ದರಿಂದ 31 ಇಂಚಿನ ಎರಡು ವಿಮಾನಗಳಲ್ಲಿ ತೆಳು ಸೀಟಿನದರಲ್ಲಿ ಮೊಣಕಾಲಿಗೆ ಹೆಚ್ಚು ಜಾಗ. ಬೋಲ್ಟಿನ ಪಿಚ್ ಕೂಡ ಹೀಗೆಯೇ, ತಿರುಪಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ: ಸಾಮಾನ್ಯ ಎಂ8ಕ್ಕೆ, ಅಂದರೆ 8 ಮಿ.ಮೀ. ದಪ್ಪದ ಬೋಲ್ಟಿಗೆ, 1.25 ಮಿ.ಮೀ.

ಆಫೀಸಿನಲ್ಲಿ ಪಿಚ್ ಮಾಡುವುದೆಂದರೆ ಗಿರಾಕಿಯ ಮುಂದೆ ಪ್ರಸ್ತಾಪ ಇಡುವುದು. ‘ಪಿಚ್ ಇನ್’ ಎಂದರೆ ಕೈಜೋಡಿಸು. ‘ಪಿಚ್ ಅಪ್’ ಎಂದರೆ ಬಂದುಬಿಡು, ಅಷ್ಟೇ.

ಹೂಡುವ ಕುಲಕ್ಕೆ ಸೇರದ ಪಿಚ್ ಒಂದಿದೆ: ಕಪ್ಪು ರಾಳ, ಡಾಂಬರಿನ ಜಾತಿಯದು. ಲ್ಯಾಟಿನ್ನಿನಿಂದ ಬಂದ ಬೇರೆಯೇ ಪದ. ಕಾರ್ಗತ್ತಲಿಗೆ ‘ಪಿಚ್ ಬ್ಲ್ಯಾಕ್’ ಎನ್ನುವುದು ಇದರಿಂದಲೇ. ಮನೆ ವಿಮೆಯ ಅರ್ಜಿ ತುಂಬುವಾಗ ಇವೆರಡನ್ನು ಬೆರೆಸಬೇಡಿ. ‘ಪಿಚ್ಡ್ ರೂಫ್’ ಎಂದರೆ ಇಳಿಜಾರು ಛಾವಣಿ, ನಮ್ಮ ಮಂಗಳೂರು ಹೆಂಚಿನ ಮನೆಯಂಥದ್ದು, ಡಾಂಬರು ಬಳಿದದ್ದಲ್ಲ. ಡಾಂಬರಿನ ಹಾಳೆ ಹೊದಿಸುವುದು ‘ಫ್ಲಾಟ್ ರೂಫ್’ಗೆ, ಮತ್ತು ವಿಮೆಯವರು ಛಾವಣಿಯಲ್ಲಿ ಶೇಕಡಾ ಎಷ್ಟು ಫ್ಲಾಟ್ ಎಂದು ವಿಚಾರಿಸುವುದು ಅದು ಬೇಗ ಸೋರುವುದರಿಂದ.